ಅರಿವು ಕೇಂದ್ರಕ್ಕೆ ಬರೋ ಮಕ್ಕಳಿಗೆ ಪ್ರೈವೆಸಿ ಪಾಠ: ಎಲ್ಲಿಂದ ಶುರು ಮಾಡ್ಲಿ?

ಲೈಬ್ರರಿ ಅಕ್ಕ
ಎಲ್ಲರಿಗೂ ನಮಸ್ಕಾರ. ಅರಸೀಕೆರೆ ಕಡೆ ಒಂದು ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರ ನೋಡ್ಕೋತೀನಿ. ಅದೇ, ಮುಂಚೆ ಎಲ್ರೂ ಪಂಚಾಯ್ತಿ ಲೈಬ್ರರಿ ಅಂತಿದ್ರಲ್ಲ, ಅದು. ನಾಲ್ಕು ಕಂಪ್ಯೂಟರ್ ಇವೆ, ಒಂದರ ಮೌಸ್ ಕೆಟ್ಟಿದೆ. ಭಾನುವಾರ ಬೆಳಿಗ್ಗೆ ಏಳನೇ ಕ್ಲಾಸಿಂದ ಹತ್ತನೇ ಕ್ಲಾಸಿನ ತನಕ ಹದಿನೈದು ಇಪ್ಪತ್ತು ಮಕ್ಕಳು ಬರ್ತಾರೆ.

ಹೋದ ತಿಂಗಳು ನಮ್ಮೂರ ಎಂಟನೇ ಕ್ಲಾಸಿನ ಹುಡುಗ, ಅಪ್ಪನ ಫೋನಿಗೆ 'ನಿಮ್ಮ ಗಾಡಿಗೆ ಚಲನ್ ಬಿದ್ದಿದೆ' ಅಂತ ವಾಟ್ಸಾಪಲ್ಲಿ ಬಂದ ಎಪಿಕೆ ಫೈಲ್ (ಫೋನಿಗೆ ಆಪ್ ಕೂರಿಸೋ ಫೈಲ್) ಒತ್ತಿಬಿಟ್ಟ. ಕೊಬ್ಬರಿ ಮಾರಿ ಬ್ಯಾಂಕಲ್ಲಿಟ್ಟಿದ್ದ 18,000 ರಾತ್ರೋರಾತ್ರಿ ಹೋಯ್ತು. ಹುಡುಗನಿಗೆ ಬಿದ್ದ ಏಟು ಬೇರೆ. ಅದಾದ್ಮೇಲೆ ಪಿಡಿಒ ಸರ್ 'ಮಕ್ಕಳಿಗೆ ಏನಾದ್ರೂ ಹೇಳಿ ಮೇಡಂ' ಅಂದ್ರು. ನಾನೂ ಹುಮ್ಮಸ್ಸಲ್ಲಿ ಹತ್ತು 'ಬೇಡ'ಗಳ ಪಟ್ಟಿ ಮಾಡ್ಕೊಂಡು ಹೋದೆ. ಪಾಸ್‌ವರ್ಡ್ ಹೇಳಬೇಡಿ, ಲಿಂಕ್ ಒತ್ತಬೇಡಿ, ಗೊತ್ತಿಲ್ಲದವರ ಜೊತೆ ಮಾತಾಡಬೇಡಿ. ಮೂರನೇ 'ಬೇಡ'ಕ್ಕೆ ಆಕಳಿಕೆ ಶುರು. ಐದನೆಯದಕ್ಕೆ ಒಬ್ಬ 'ಅಕ್ಕ, ಗೇಮ್ ಹಾಕ್ಕೊಳ್ಲಾ' ಅಂದ.

ಇನ್ನೊಂದು ವಿಷಯ. ನಮ್ಮ ಕಂಪ್ಯೂಟರಲ್ಲಿರೋದು ವಿಂಡೋಸ್ 10. ಅದಕ್ಕಿನ್ನು ಅಪ್‌ಡೇಟ್ ಬರಲ್ಲ, ಅದರ ಬದಲು ಲಿನಕ್ಸ್ ಅನ್ನೋ ಫ್ರೀ ಸಾಫ್ಟ್‌ವೇರ್ ಹಾಕ್ಸಿ ಅಂತ ಒಬ್ರು ಹೇಳಿದ್ರು. ಹಾಕ್ಸಿದ್ರೆ ಮಕ್ಕಳಿಗೆ ಈ ಫ್ರೀ ಸಾಫ್ಟ್‌ವೇರ್ ಅಂದ್ರೇನು ಅಂತ ಹೆಂಗೆ ಹೇಳೋದು? ಫ್ರೀ ಅಂದ ಕೂಡ್ಲೇ ಬಿಟ್ಟಿ ಅನ್ಕೋತಾರೆ.

ನಮ್ಮ ಕೇಂದ್ರದ ಫೋಟೋ ಹಾಕಿದೀನಿ, ಜಾಗ ಹೆಂಗಿದೆ ಅಂತ ಗೊತ್ತಾಗ್ಲಿ.

ಪೆಂಗ್ವಿನ್ ಗುಂಡ
ಯೋಚನೆನೇ ಮಾಡ್ಬೇಡಿ ಅಕ್ಕ, ಲಿನಕ್ಸ್ ಮಿಂಟ್ ಹಾಕಿ, ಎಕ್ಸ್‌ಎಫ್‌ಸಿಇ ಆವೃತ್ತಿ. 4 ಜಿಬಿ ರ‍್ಯಾಮ್ ಇದ್ರೆ ಸಲೀಸು, 2 ಜಿಬಿಯಲ್ಲೂ ಕುಂಟ್ಕೊಂಡು ಓಡುತ್ತೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಬೆಂಬಲ ಮುಗೀತು. ಪೆನ್‌ಡ್ರೈವಿಂದ ಬೂಟ್ ಮಾಡಿ ಮೊದಲು ನೋಡಿ, ಇಷ್ಟ ಆದ್ರೆ ಹಾಕ್ಕೊಳ್ಳಿ.

ಕಡ್ಲೆಬೀಜ
ಬಂದ ನೋಡು ಗುಂಡ. ತಲೆನೋವು ಅಂದ್ರೂ ಇವನು ಲಿನಕ್ಸ್ ಹಾಕಿ ಅಂತಾನೆ.

ಪೆಂಗ್ವಿನ್ ಗುಂಡ
ಹಾಕಿ ನೋಡು, ಹೋಗುತ್ತೆ.

ಧಾರವಾಡ ಮಾಸ್ತರ
ಅಕ್ಕಾರ ನಮಸ್ಕಾರ್ರಿ. ನಾ ಸರಕಾರಿ ಹೈಸ್ಕೂಲಿನ್ಯಾಗ ಗಣಿತ ಹೇಳ್ತೀನಿ. ನಮಗ ಡಿಎಸ್‌ಇಆರ್‌ಟಿಯವರು ಐಟಿ ಫಾರ್ ಚೇಂಜ್ ಸಂಸ್ಥಾ ಜೋಡಿ ಸೇರಿ ವಿಷಯ ಶಿಕ್ಷಕರ ವೇದಿಕೆ ಅಂತ ತರಬೇತಿ ಕೊಟ್ಟಿದ್ರು. ಉಬುಂಟು (ಒಂದ ನಮೂನಿ ಲಿನಕ್ಸ್), ಗಣಿತದ ಜಿಯೋಜಿಬ್ರಾ, ಪಾಠ ಸಾಮಗ್ರಿಯ ಕೊಯರ್ ವಿಕಿ ಎಲ್ಲಾ ಅಲ್ಲೇ ಕಲ್ತದ್ದು. ಅಲ್ಲಿ ಕಲ್ತದ್ದರಾಗ ಒಂದ ಮಾತು: ಹುಡುಗೂರಿಗೆ ಮೊದಲ 'ಲಿನಕ್ಸ್' ಅಂತ ಹೆಸರ ಹೇಳಬ್ಯಾಡ್ರಿ. ಸುಮ್ನ ಹಾಕಿ ಕೂಡಸ್ರಿ. ಹೆಸರ ಹೇಳಿದ್ರ 'ಇದು ಬ್ಯಾರೆ ಐತಿ, ತ್ರಾಸ ಐತಿ' ಅಂತಾರ. ಹೇಳದಿದ್ರ ಹತ್ತು ನಿಮಿಷದಾಗ ಟಕ್ಸ್ ಪೇಂಟ್ ಹುಡುಕಿ ತಗದು ಎಮ್ಮಿ ಚಿತ್ರ ಬರದು ಕುಂತಿರ್ತಾವ.

ತ್ರಾಸ ಆಗೂದು ಮಾಸ್ತರಗೋಳಿಗೆ ರೀ, ಹುಡುಗೂರಿಗಲ್ಲ.

ನಿದ್ದೆಗೆಟ್ಟ ಅಡ್ಮಿನ್
ಅಕ್ಕ, ಉಳಿದದ್ದು ಆಮೇಲೆ. ಆ ಫೋಟೋ ಮೊದಲು ತೆಗೀರಿ. ಈಗಲೇ.

ಎಡಗಡೆ ಮೇಜಿನ ಮೇಲೆ ಹಾಜರಿ ಪುಸ್ತಕ ತೆರೆದಿದೆ. ದೊಡ್ಡದು ಮಾಡಿ ನೋಡಿದೆ. ಹನ್ನೊಂದು ಮಕ್ಕಳ ಹೆಸರು, ಅಪ್ಪನ ಫೋನ್ ನಂಬರ್, ಪಕ್ಕದ ಕಾಲಂನಲ್ಲಿ ಹನ್ನೆರಡು ಅಂಕಿ. ಅದು ಆಧಾರ್ ತಾನೇ? ಗೋಡೆ ಮೇಲೆ ಸ್ಕೆಚ್ ಪೆನ್ನಲ್ಲಿ ವೈಫೈ ಪಾಸ್‌ವರ್ಡೂ ಕಾಣ್ತಿದೆ.

ಕಡ್ಲೆಬೀಜ
😶

ಲೈಬ್ರರಿ ಅಕ್ಕ
ಅಯ್ಯೋ ದೇವ್ರೇ. ತೆಗೆದೆ. ಕೈ ನಡುಗ್ತಿದೆ. ಇದೇ ಫೋಟೋನ ಬೆಳಿಗ್ಗೆ ತಾಲ್ಲೂಕು ಗ್ರೂಪಿಗೂ ಹಾಕಿದ್ದೆ, ಅಲ್ಲೂ ಎಲ್ಲರಿಗೂ ಡಿಲೀಟ್ ಮಾಡಿ ಬಂದೆ. ಆಧಾರ್ ನಂಬರ್ ಬರೆಸಿ ಅಂತ ನನಗೆ ಯಾರೂ ಹೇಳಿರ್ಲಿಲ್ಲ. ಎಲ್ಲಾ ಕಡೆ ಕೇಳ್ತಾರಲ್ಲ, ನಾಳೆ ಬೇಕಾದ್ರೆ ಇರ್ಲಿ ಅಂತ ನಾನೇ ಕಾಲಂ ಎಳೆದಿದ್ದೆ.

ನಿದ್ದೆಗೆಟ್ಟ ಅಡ್ಮಿನ್
ಬೇಗ ತೆಗೆದ್ರಲ್ಲ, ಬಿಡಿ. ಆದ್ರೆ ಗ್ರೂಪಲ್ಲಿ ಡೌನ್‌ಲೋಡ್ ಮಾಡ್ಕೊಂಡವರ ಗ್ಯಾಲರಿಯಲ್ಲಿ ಉಳಿದಿರಬಹುದು. ಗ್ರೂಪಲ್ಲಿ ಒಂದು ಮಾತು ಹೇಳಿ, ಅಳಿಸ್ಕೊಳ್ಲಿ. ನಾಚ್ಕೋಬೇಡಿ.

ಕರಿಕೋಟು
ಇಲ್ಲೊಂದು ತಮಾಷೆ ನೋಡಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ಹೆಸರೇ ಹೇಳುವ ಹಾಗೆ ಡಿಜಿಟಲ್ ರೂಪದ ಮಾಹಿತಿಗೆ ಮಾತ್ರ. ಬರೀ ಕಾಗದದ ರಿಜಿಸ್ಟರ್ ಅದರ ವ್ಯಾಪ್ತಿಗೆ ಬರಲ್ಲ. ನೀವು ಫೋಟೋ ಹೊಡೆದು ಗ್ರೂಪಿಗೆ ಹಾಕಿದ ಕ್ಷಣ ಅದು ಡಿಜಿಟಲ್ ಆಯ್ತು.

ಆ ಕಾಯ್ದೆ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸೋಕೆ ಅಪ್ಪ ಅಮ್ಮನ ಒಪ್ಪಿಗೆ ಬೇಕು, ಆ ಒಪ್ಪಿಗೆ ನಿಜ ಅಂತ ಪರಿಶೀಲಿಸೋ ಹಾಗಿರಬೇಕು. ಮಕ್ಕಳ ಜಾಡು ಹಿಡಿಯೋದು, ಅವರನ್ನೇ ಗುರಿ ಮಾಡಿ ಜಾಹೀರಾತು ಹಾಕೋದು ಕೂಡದು, ಕೆಲವು ವಿನಾಯ್ತಿ ಬಿಟ್ಟು. ನಿಯಮಗಳು 2025ರ ನವೆಂಬರಿನಲ್ಲಿ ಬಂದವು. ಮುಖ್ಯ ಹೊಣೆಗಳು ಜಾರಿಯಾಗೋಕೆ ಅಲ್ಲಿಂದ ಹದಿನೆಂಟು ತಿಂಗಳ ಗಡುವು.

ಅಂದಹಾಗೆ ಮಕ್ಕಳಿಗೆ ಹೇಳೋಕೆ ನಮ್ಮದೇ ಕಥೆ ಇದೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ ಕೇಸಿಗೆ ಪುಟ್ಟಸ್ವಾಮಿ ಕೇಸ್ ಅಂತಲೇ ಹೆಸರು. ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾದವರು. 2012ರಲ್ಲಿ ಆಧಾರ್ ಪ್ರಶ್ನಿಸಿ ಅರ್ಜಿ ಹಾಕಿದಾಗ ಎಂಬತ್ತು ದಾಟಿತ್ತು.

ಕಡ್ಲೆಬೀಜ
ಎಂಬತ್ತು ದಾಟಿದ ಮೇಲೆ ನಮ್ಮ ತಾತ ಬರೀ ಪಿಂಚಣಿ ಪ್ರಶ್ನಿಸ್ತಿದ್ರು.

ಹತ್ತನೇ ಬಿ
ನಾನು ಹತ್ತನೇ ಕ್ಲಾಸ್. ಇಲ್ಲಿ ಎಲ್ರೂ ನಮಗೆ ಕಲಿಸೋ ಬಗ್ಗೆನೇ ಮಾತಾಡ್ತಿದೀರಾ. ಒಂದು ಹೇಳ್ಲಾ? ನಮ್ಮ ಮಾಹಿತಿ ಎಲ್ಲಾ ಹೊರಗೆ ಹೋಗ್ತಿರೋದು ದೊಡ್ಡವರಿಂದ. ನಮ್ಮ ಶಾಲೆ ಗ್ರೂಪಲ್ಲಿ ಇಡೀ ಕ್ಲಾಸಿನ ಹೆಸರು, ಹುಟ್ಟಿದ ದಿನ, ಆಧಾರ್, ಜಾತಿ ಇರೋ ಎಕ್ಸೆಲ್ ಶೀಟ್ ಹಾಕಿ 'ಪೋಷಕರು ತಪ್ಪಿದ್ದರೆ ತಿಳಿಸಿ' ಅಂದ್ರು. ನನ್ನ ಜಾತಿ ಯಾವ್ದು ಅಂತ ಇಡೀ ಕ್ಲಾಸಿಗೆ ಅವತ್ತು ಗೊತ್ತಾಯ್ತು. ಮಾರನೇ ದಿನ ಊಟದ ಹೊತ್ತಲ್ಲಿ ಏನಾಯ್ತು ಅಂತ ಇಲ್ಲಿ ಬರೆಯಲ್ಲ.

ನಮ್ಮಣ್ಣನ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ ಅಮ್ಮ ಸ್ಟೇಟಸ್ ಹಾಕಿದ್ರು, ಆಶೀರ್ವಾದ ಮಾಡಿ ಅಂತ. ರಿಜಿಸ್ಟರ್ ನಂಬರ್, ಹುಟ್ಟಿದ ದಿನ ಎರಡೂ ಅದರಲ್ಲೇ. ರಿಸಲ್ಟ್ ಅವನಿಗಿಂತ ಮೊದಲು ಚಿಕ್ಕಪ್ಪ ನೋಡಿದ್ರು.

ಲೈಬ್ರರಿ ಅಕ್ಕ
ಪುಟ್ಟಾ, ನಿನ್ನ ಮಾತು ಚುಚ್ತು. ನಾಳೆಯಿಂದ ಆ ಕಾಲಂ ಇರಲ್ಲ.

ಎರಡು ಮಕ್ಕಳ ಅಪ್ಪ
ಎಲ್ಲಾ ಸರಿ, ಆದ್ರೆ ಮಕ್ಕಳಿಗೆ ಪ್ರೈವೆಸಿ ಪ್ರೈವೆಸಿ ಅಂತ ತಲೆಗೆ ತುಂಬಿದ್ರೆ ನಾಳೆ ನಮ್ಮ ಹತ್ರಾನೇ ಫೋನ್ ಮುಚ್ಚಿಡ್ತಾರೆ. ನಾನು ಮಗಳ ಫೋನಿಗೆ ಟ್ರ್ಯಾಕ್ ಮಾಡೋ ಆಪ್ ಹಾಕಿದೀನಿ, ಅವಳಿಗೆ ಗೊತ್ತಿಲ್ಲ. ಮೆಸೇಜೆಲ್ಲ ನನಗೆ ಬರುತ್ತೆ. ಹೆತ್ತವರಿಗೆ ಅಷ್ಟು ಹಕ್ಕಿಲ್ವಾ?

ಹತ್ತನೇ ಬಿ
ಅವಳಿಗೆ ಗೊತ್ತಿರುತ್ತೆ ಅಂಕಲ್. ಗೊತ್ತಿಲ್ಲ ಅಂತ ನೀವು ಅನ್ಕೊಂಡಿದೀರ.

ನಿದ್ದೆಗೆಟ್ಟ ಅಡ್ಮಿನ್
ಸರ್, ಆ ಆಪ್ ಮಾಡಿದವರು ಯಾರು, ಮಗಳ ಮೆಸೇಜ್ ಯಾವ ಸರ್ವರಲ್ಲಿ ಕೂತಿದೆ, ನೋಡಿದೀರಾ? ಕದ್ದು ಓದೋ ಆಪ್‌ಗಳ ಕಂಪನಿಗಳೇ ಹ್ಯಾಕ್ ಆಗಿ ಎಲ್ಲಾ ಬೀದಿಗೆ ಬಿದ್ದದ್ದು ಒಂದೆರಡು ಸಲ ಅಲ್ಲ. ಕಾವಲಿಗೆ ಅಂತ ಇಟ್ಟವನ ಕೈಗೆ ಬೀರು ಕೀ ಕೊಟ್ಟ ಹಾಗಾಯ್ತು.

ಮಲ್ಲಿಗೆ ದಂಡೆ
ಎರಡು ಮಕ್ಕಳ ಅಪ್ಪನವರೇ, ಜಗಳಕ್ಕಲ್ಲ, ಒಂದು ಕೇಳಿ. ನಾನು ಹೈಸ್ಕೂಲ್ ಹೆಣ್ಮಕ್ಕಳ ಜೊತೆ ಹತ್ತು ವರ್ಷದಿಂದ ಕೆಲಸ ಮಾಡ್ತಿದೀನಿ. ಊರು ಹೇಳಲ್ಲ.

ಒಂಬತ್ತನೇ ಕ್ಲಾಸಿನ ಒಂದು ಹುಡುಗಿ. ಅಕ್ಕನ ಮದುವೆಯ ಫೋಟೋದಲ್ಲಿದ್ದ ಇವಳ ಮುಖ ತೆಗೆದು ಯಾವುದೋ ಬೆತ್ತಲೆ ಚಿತ್ರಕ್ಕೆ ಅಂಟಿಸಿ ಒಬ್ಬ ಇನ್‌ಸ್ಟಾದಲ್ಲಿ ಅವಳಿಗೇ ಕಳಿಸಿದ್ದ. ವಿಡಿಯೋ ಕಾಲ್ ಮಾಡು, ಇಲ್ಲಾಂದ್ರೆ ನಿಮ್ಮಣ್ಣನಿಗೆ ಕಳಿಸ್ತೀನಿ ಅಂತ. ಮೂರು ವಾರ ಯಾರಿಗೂ ಹೇಳಿಲ್ಲ. ಯಾಕೆ ಗೊತ್ತಾ? ಅವನ ಹೆದರಿಕೆಗಲ್ಲ. 'ಹೇಳಿದ್ರೆ ಫೋನ್ ಕಿತ್ಕೋತಾರೆ ಮಿಸ್, ಸ್ಕೂಲ್ ಬಿಡಿಸ್ತಾರೆ, ಆಮೇಲೆ ಗಂಡು ನೋಡ್ತಾರೆ' ಅಂದ್ಲು. ಮೂರೂ ಅವಳ ದೊಡ್ಡಪ್ಪನ ಮಗಳಿಗೆ ಆಗಿದ್ವು. ಅವಳ ಕೈ ನೋಡಿ ನನಗೆ ಗೊತ್ತಾಗಿದ್ದು. ಉಗುರು ಕಚ್ಚಿ ಕಚ್ಚಿ ರಕ್ತ ಬಂದಿತ್ತು, ನೋಟ್‌ಬುಕ್ಕಿನ ಅಂಚಲ್ಲಿ ಕಲೆ.

ಅಕ್ಕ, ನಿಮ್ಮ ಪಾಠದಲ್ಲಿ ಹತ್ತು ಬೇಡ ಹೇಳೋ ಬದಲು ಒಂದು ಮಾತು ಹೇಳಿ: 'ಏನೇ ಆಗಿದ್ರೂ, ತಪ್ಪು ನಿಂದೇ ಆಗಿದ್ರೂ, ನನ್ನ ಹತ್ರ ಹೇಳು. ಫೋನ್ ಕಿತ್ಕೊಳ್ಳಲ್ಲ.' ಆ ಚಲನ್ ಒತ್ತಿದ ಹುಡುಗನಿಗೆ ಏಟು ಬಿತ್ತಲ್ಲ? ಅದನ್ನ ನೋಡಿದ ಊರಿನ ಎಲ್ಲಾ ಮಕ್ಕಳೂ ಅವತ್ತು ಒಂದು ಪಾಠ ಕಲಿತಾಗಿದೆ: ಮುಂದಿನ ಸಲ ಬಾಯಿ ಬಿಡಬಾರದು.

ಲೈಬ್ರರಿ ಅಕ್ಕ
ಇದನ್ನ ನಾನು ಯೋಚಿಸೇ ಇರ್ಲಿಲ್ಲ. ಆ ಹುಡುಗ ಒತ್ತಿದ್ದು ಸಂಜೆ ಆರಕ್ಕೆ. ಹೆದರಿ ಅಪ್ಪನಿಗೆ ಹೇಳಿದ್ದು ಬೆಳಿಗ್ಗೆ.

ನಿದ್ದೆಗೆಟ್ಟ ಅಡ್ಮಿನ್
ಆ ಒಂದು ರಾತ್ರಿನೇ ನೋಡಿ. ದುಡ್ಡು ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ರೆ ಕಳ್ಳನ ಖಾತೆಯಲ್ಲೇ ತಡೆಹಿಡಿಯೋ ಸಾಧ್ಯತೆ ಇರುತ್ತೆ. ತಡ ಆದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಹಾರ್ತಾ ಹೋಗುತ್ತೆ.

ಗಾಂಧಿ ಬಜಾರ್
ಮಲ್ಲಿಗೆಯವರೇ, ಇಂಥದ್ದಾದಾಗ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಿ ಆ ನಾಯಿನ ಬಯಲು ಮಾಡ್ಬೇಕು ಅಂತೀನಿ ನಾನು.

ಕರಿಕೋಟು
ಖಂಡಿತಾ ಮಾಡಬೇಡಿ! ಮಗುವಿನ ಅಂಥ ಚಿತ್ರ ಯಾವ ಉದ್ದೇಶಕ್ಕೇ ಆಗಲಿ ಹಂಚಿದ್ರೆ ಐಟಿ ಕಾಯ್ದೆಯ 67ಬಿ, ಪೋಕ್ಸೊ ಎರಡೂ ನಿಮ್ಮ ಕೊರಳಿಗೇ ಸುತ್ಕೊಳ್ಳುತ್ತೆ. ಖಾತೆಯ ಹೆಸರು, ಲಿಂಕ್, ಬೆದರಿಕೆಯ ಮಾತು, ದಿನಾಂಕ ಬರೆದಿಟ್ಕೊಳ್ಳಿ, ಚಾಟ್ ಅಳಿಸಬೇಡಿ, ಫೋನ್ ಸಮೇತ ಪೊಲೀಸರ ಹತ್ರ ಹೋಗಿ. 1098 ಮಕ್ಕಳ ಸಹಾಯವಾಣಿ. ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲಲ್ಲಿ ಮಕ್ಕಳ ಲೈಂಗಿಕ ಚಿತ್ರದ ಬಗ್ಗೆ ಹೆಸರು ಹೇಳದೆಯೂ ದೂರು ಕೊಡಬಹುದು.

ಮಲ್ಲಿಗೆ ದಂಡೆ
ಜೊತೆಗೆ 'ಟೇಕ್ ಇಟ್ ಡೌನ್' ಅಂತ ಒಂದು ಉಚಿತ ಸೇವೆ ಇದೆ, ಅಮೆರಿಕದ ಮಕ್ಕಳ ರಕ್ಷಣಾ ಸಂಸ್ಥೆಯೊಂದು ನಡೆಸ್ತಿದೆ, ಎಲ್ಲಾ ದೇಶದವರಿಗೂ ಮುಕ್ತ. 18ರ ಒಳಗೆ ತೆಗೆದ ಚಿತ್ರಗಳಿಗೆ. ಚಿತ್ರ ಫೋನ್ ಬಿಟ್ಟು ಆಚೆ ಹೋಗಲ್ಲ, ಅದರ ಬೆರಳಚ್ಚಿನಂಥ ಒಂದು ಗುರುತು ಸಂಖ್ಯೆ ಮಾತ್ರ ಹೋಗುತ್ತೆ. ಅದರ ಜೊತೆ ಕೈಜೋಡಿಸಿರೋ ಜಾಲತಾಣಗಳು ಆ ಗುರುತು ಹಿಡಿದು ಚಿತ್ರ ತೆಗೀತಾರೆ. ನಮ್ಮ ಹುಡುಗಿಗೆ ಇದು ಹೇಳಿದಾಗ ಮೊದಲ ಸಲ ಉಸಿರು ಬಿಟ್ಲು. ಈಗ ಪಿಯುಸಿ ಓದ್ತಿದಾಳೆ.

ಎರಡು ಮಕ್ಕಳ ಅಪ್ಪ
ಓದಿದೆ. ಏನೂ ಹೇಳಲ್ಲ ಈಗ.

ರಾಗಿ ಮುದ್ದೆ
ಅಕ್ಕ ಕೇಳಿದ ಇನ್ನೊಂದು ಪ್ರಶ್ನೆ ಎಲ್ಲೋ ಕಳೆದೋಯ್ತು. ಫ್ರೀ ಅಂದ್ರೆ ಬಿಟ್ಟಿ ಅನ್ನೋ ಗೊಂದಲ ಇಂಗ್ಲಿಷಿನವರದ್ದು, ನಮಗ್ಯಾಕೆ? ನಮಗೆ 'ಉಚಿತ' ಬೇರೆ, 'ಸ್ವತಂತ್ರ' ಬೇರೆ ಇದೆಯಲ್ಲ. ಸ್ವತಂತ್ರ ತಂತ್ರಾಂಶ ಅಂತ ಹೇಳಿ, ಮುಗೀತು.

ನಾನು ನಮ್ಮೂರ ಮಕ್ಕಳಿಗೆ ಬೀಜದಿಂದ ಹೇಳ್ತೀನಿ. ಮನೆ ರಾಗಿ ಬೀಜ ಇಟ್ಕೊಂಡ್ರೆ ಮುಂದಿನ ವರ್ಷ ಬಿತ್ತಬಹುದು, ಪಕ್ಕದವರಿಗೆ ಎರಡು ಸೇರು ಕೊಡಬಹುದು, ಒಳ್ಳೆ ತೆನೆ ಆರಿಸಿ ತಳಿ ಸುಧಾರಿಸಬಹುದು. ಹೈಬ್ರಿಡ್ ಮುಸುಕಿನ ಜೋಳ ವರ್ಷ ವರ್ಷ ಅಂಗಡಿಯಿಂದಲೇ ತರಬೇಕು. ಬಳಸೋದು, ನೋಡಿ ತಿಳ್ಕೊಳ್ಳೋದು, ಹಂಚೋದು, ತಿದ್ದಿ ಹಂಚೋದು. ಸ್ವತಂತ್ರ ತಂತ್ರಾಂಶದ ನಾಲ್ಕೂ ಸ್ವಾತಂತ್ರ್ಯ ಒಂದು ಕಣದಲ್ಲೇ ಬಂತು.

ಜಿಕೆವಿಕೆ ಹಳೇ ವಿದ್ಯಾರ್ಥಿ
ಚೂರು ತಿದ್ದುಪಡಿ. ಹೈಬ್ರಿಡ್ ಬೀಜ ಇಟ್ಕೊಂಡು ಬಿತ್ತೋಕೆ ಯಾರೂ ಅಡ್ಡ ಇಲ್ಲ, ಮುಂದಿನ ಪೀಳಿಗೆಯಲ್ಲಿ ಗುಣ ಚೆದುರಿ ಇಳುವರಿ ಬೀಳುತ್ತೆ ಅಷ್ಟೆ. ಅದು ತಳಿಶಾಸ್ತ್ರ, ಲೈಸೆನ್ಸ್ ಅಲ್ಲ. ನಮ್ಮ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆ ಬೀಜ ಉಳಿಸೋ, ವಿನಿಮಯ ಮಾಡೋ, ಮಾರೋ ಹಕ್ಕನ್ನೂ ರೈತರಿಗೆ ಕೊಟ್ಟಿದೆ, ಬ್ರಾಂಡ್ ಹೆಸರಲ್ಲಿ ಮಾರೋ ಹಾಗಿಲ್ಲ ಅಷ್ಟೆ. ಸಾಫ್ಟ್‌ವೇರಿನಲ್ಲಿ ಅಡ್ಡ ಬರೋದು ಕಾನೂನು ಮತ್ತು ಮುಚ್ಚಿಟ್ಟ ಸೋರ್ಸ್ ಕೋಡು. ಎರಡೂ ಒಂದೇ ಅಲ್ಲ.

ರಾಗಿ ಮುದ್ದೆ
ಸ್ವಾಮೀ, ಏಳನೇ ಕ್ಲಾಸಿನ ಮಕ್ಕಳಿಗೆ ಹೇಳ್ತಿರೋದು, ಪಿಎಚ್‌ಡಿ ವೈವಾ ಅಲ್ಲ.

ಜಿಕೆವಿಕೆ ಹಳೇ ವಿದ್ಯಾರ್ಥಿ
ಏಳನೇ ಕ್ಲಾಸಿಗೆ ತಪ್ಪು ಹೇಳಿದ್ರೆ ಪಿಎಚ್‌ಡಿವರೆಗೂ ಅದೇ ಇರುತ್ತೆ ಸ್ವಾಮೀ. ನೀವು ಇಟ್ಟಿರೋ ರಾಗಿ ಯಾವ ತಳಿ?

ರಾಗಿ ಮುದ್ದೆ
ಜಿಪಿಯು 28.

ಜಿಕೆವಿಕೆ ಹಳೇ ವಿದ್ಯಾರ್ಥಿ
ಅದು 'ಮನೆ ರಾಗಿ' ಅಲ್ಲ, ನಮ್ಮ ಕೃಷಿ ವಿಶ್ವವಿದ್ಯಾಲಯದಲ್ಲೇ ಬಿಡುಗಡೆ ಮಾಡಿದ ತಳಿ 😀 ಆದ್ರೆ ಬೀಜ ಇಟ್ಕೊಂಡು ಬಿತ್ತಬಹುದು. ಸಾರ್ವಜನಿಕ ದುಡ್ಡಲ್ಲಿ ಮಾಡಿದ ತಳಿ ಎಲ್ಲರ ಕಣದಲ್ಲೂ ಇದೆ. ಈ ಉದಾಹರಣೆ ನಿಮ್ಮದಕ್ಕಿಂತ ಚೆನ್ನಾಗಿದೆ, ಇಟ್ಕೊಳ್ಳಿ.

ಕಾಸರಗೋಡು ಮೇಷ್ಟ್ರು
ಇಲ್ಲಿ ನಮ್ಮದು ಕನ್ನಡ ಮಾಧ್ಯಮ ಶಾಲೆ, ಸರಕಾರ ಕೇರಳದ್ದು. ನಮ್ಮಲ್ಲಿ ಈ ಚರ್ಚೆಯೇ ಇಲ್ಲ, ಶಾಲೆಯ ಕಂಪ್ಯೂಟರಿನಲ್ಲಿ ವರ್ಷಗಳಿಂದ ಗ್ನು ಲಿನಕ್ಸೇ ಉಂಟು. ಮೊದಲು ಐಟಿ ಅಟ್ ಸ್ಕೂಲ್ ಅಂತ ಇದ್ದದ್ದು, 2017ರಿಂದ ಕೈಟ್ ಅಂತ ಆಯ್ತು. ಐಸಿಟಿ ಪಾಠಪುಸ್ತಕ ಕನ್ನಡದಲ್ಲೂ ಬರ್ತದೆ. 2018ರಿಂದ ಲಿಟಲ್ ಕೈಟ್ಸ್ ಅಂತ ಮಕ್ಕಳದ್ದೇ ಕ್ಲಬ್ಬು. ಲ್ಯಾಬಿನಲ್ಲಿ ಪ್ರೊಜೆಕ್ಟರ್ ಕೈಕೊಟ್ಟರೆ ನಾನು ಕರೆಯುವುದು ಎಂಟನೇ ಕ್ಲಾಸಿನ ಹುಡುಗಿಯನ್ನು.

ನಿಮಗೆ ಬೇಕಾದ್ದು ಇದು: 2022ರಲ್ಲಿ ಈ ಕ್ಲಬ್ಬಿನ ಮಕ್ಕಳೇ ಅಮ್ಮಂದಿರನ್ನು ಶಾಲೆಗೆ ಕರೆದು ಸೈಬರ್ ಸುರಕ್ಷೆಯ ಪಾಠ ಮಾಡಿದ್ರು. ಒಟಿಪಿ ಎಂತ, ಸುಳ್ಳು ಸುದ್ದಿ ಹೇಗೆ ಹಿಡಿಯುವುದು ಎಲ್ಲ. ಮಗು ಕಲಿಸುವ ಜಾಗದಲ್ಲಿ ನಿಂತರೆ ಆಕಳಿಕೆ ಬರುವುದಿಲ್ಲ ಮಾರಾಯ್ರೆ. ಮತ್ತೆ ಮನೆಯಲ್ಲಿ ಏನಾದ್ರೂ ಆದಾಗ ಅಮ್ಮನಿಗೆ ಹೇಳುವ ದಾರಿಯೂ ಅಲ್ಲೇ ತೆರೆದಿರ್ತದೆ.

ಪೆಂಗ್ವಿನ್ ಗುಂಡ
ನೋಡಿದ್ರಾ! ಪಕ್ಕದ ರಾಜ್ಯ ಇಡೀ ಮಾಡಿದೆ. ನಮಗೇನಾಗಿದೆ ಧಾಡಿ.

ಮ್ಯೂನಿಕ್ ಮಾಣಿ
ನಾನಿರೋ ಊರಿನ ನಗರಾಡಳಿತ ಹದಿನೈದು ಸಾವಿರದಷ್ಟು ಕಂಪ್ಯೂಟರ್ ಲಿನಕ್ಸಿಗೆ ತಂದು, 2017ರಲ್ಲಿ ವಾಪಸ್ ವಿಂಡೋಸಿಗೆ ಹೋಗೋ ತೀರ್ಮಾನ ಮಾಡ್ತು. ಕೇರಳದಲ್ಲಿ ನಿಂತಿದ್ದು ಮೇಷ್ಟ್ರುಗಳಿಗೆ ತರಬೇತಿ ಕೊಟ್ಟಿದ್ದಕ್ಕೆ. ಸಿಡಿ ಹಾಕಿ ಕೈ ತೊಳ್ಕೊಂಡ್ರೆ ನಿಲ್ಲಲ್ಲ ಗುಂಡಣ್ಣ.

ಡಿಟಿಪಿ ಅಂಗಡಿ
ನಾನು ಕಹಿ ಮಾತು ಹೇಳ್ತೀನಿ. ಅಂಗಡಿಗೆ ಕೆಲಸ ಕೇಳ್ಕೊಂಡು ಬರೋ ಹುಡುಗರಿಗೆ ನಾನು ಕೇಳೋದು ಎರಡೇ: ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ) ಬರುತ್ತಾ, ಎಕ್ಸೆಲ್ ಬರುತ್ತಾ. ಸ್ವಾತಂತ್ರ್ಯ ಗೀತಂತ್ರ್ಯ ಯಾರೂ ಕೇಳಲ್ಲ. ಹಳೇ ನುಡಿ ಫೈಲನ್ನ ನಿಮ್ಮ ಲಿನಕ್ಸಲ್ಲಿ ತೆಗೆದ್ರೆ ಬರೋದು ಇಂಗ್ಲಿಷ್ ಅಕ್ಷರದ ಕಿಚಡಿ. ಇಡೀ ಊರಿನ ಮದುವೆ ಕರೆಯೋಲೆ ಅದರಲ್ಲಿದೆ.

ಪೆಂಗ್ವಿನ್ ಗುಂಡ
ಅಣ್ಣ, ಆ ಕಿಚಡಿ ಲಿನಕ್ಸಿನ ತಪ್ಪಲ್ಲ. ಹಳೇ ಫೈಲಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡು ಕೂರಿಸಿದ್ರು, ಆ ಫಾಂಟ್ ಇಲ್ದಿದ್ರೆ ವಿಂಡೋಸಲ್ಲೂ ಅದೇ ಗತಿ. ಎಲ್ಲಾ ಕಂಪ್ಯೂಟರಲ್ಲೂ ಓದೋಕಾಗೋ ಯೂನಿಕೋಡಿಗೆ ಬದಲಾಯಿಸೋ ಪರಿವರ್ತಕಗಳಿವೆ, ಅರ್ಕಾವತ್ತಲ್ಲಿ ಆಗಾಗ ಎಡವುತ್ವೆ, ಒಮ್ಮೆ ಓದಿ ತಿದ್ಬೇಕು. ಟೈಪಿಂಗಿಗೆ ಚಿಂತೆ ಬೇಡ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, ನುಡಿಯಲ್ಲಿ ಕಲಿತಿದ್ದೀರಲ್ಲ, ಅದು ಲಿನಕ್ಸಿನ ಕೀಬೋರ್ಡ್ ಪಟ್ಟಿಯಲ್ಲಿ 'ಕಗಪ' ಅಂತ ಮೊದಲಿಂದಲೇ ಇದೆ. ಲಿಬ್ರೆ ಆಫೀಸ್ ಕ್ಯಾಲ್ಕ್ ಕಲಿತವನು ಎಕ್ಸೆಲ್‌ಗೆ ಒಂದು ವಾರದಲ್ಲಿ ಹೊಂದ್ಕೋತಾನೆ.

ಡಿಟಿಪಿ ಅಂಗಡಿ
ಒಂದು ವಾರ ಅವನ ಸಂಬಳ ನೀನು ಕೊಡ್ತೀಯಾ?

ಗಾಂಧಿ ಬಜಾರ್
ಗುಂಡಣ್ಣನಿಗೆ ನನ್ನದೊಂದು ನೇರ ಪ್ರಶ್ನೆ. ಒಂದು ಕಡೆ ಮಕ್ಕಳಿಗೆ 'ಪ್ಲೇ ಸ್ಟೋರ್ ಬಿಟ್ಟು ಬೇರೆ ಕಡೆಯಿಂದ ಆಪ್ ಹಾಕ್ಬೇಡಿ, ಎಪಿಕೆ ಮುಟ್ಬೇಡಿ' ಅಂತೀರಿ. ಇನ್ನೊಂದು ಕಡೆ ಸ್ವತಂತ್ರ ತಂತ್ರಾಂಶ ಬೇಕು, ಅಂಥ ಆಪ್‌ಗಳ ಅಂಗಡಿ ಎಫ್-ಡ್ರಾಯ್ಡ್ ಹಾಕಿ ಅಂತೀರಿ. ಎಫ್-ಡ್ರಾಯ್ಡ್ ಬರೋದೂ ಎಪಿಕೆ ಆಗಿಯೇ ತಾನೆ? ಕಳ್ಳ ಬಂದ ಬಾಗಿಲನ್ನೇ ನೀವೂ ತೆಗೆಸ್ತಿದೀರಲ್ಲ.

ಪೆಂಗ್ವಿನ್ ಗುಂಡ
ಒಳ್ಳೆ ಪ್ರಶ್ನೆ. ಒಂದು ನಿಮಿಷ ಉತ್ತರ ಇರ್ಲಿಲ್ಲ, ಒಪ್ಕೋತೀನಿ.

ನಿದ್ದೆಗೆಟ್ಟ ಅಡ್ಮಿನ್
ನಾನು ಹೇಳ್ಲಾ. ಆಂಡ್ರಾಯ್ಡ್ 8ರಿಂದ ಈಚೆಗೆ ಆ ಬಾಗಿಲು ಒಂದಲ್ಲ, ಆಪ್‌ಗೊಂದು. ವಾಟ್ಸಾಪಿಗೆ 'ಗೊತ್ತಿಲ್ಲದ ಆಪ್ ಹಾಕೋ' ಅನುಮತಿ ಕೊಟ್ಟಿದೀರಾ ಅಂತ ಸೆಟ್ಟಿಂಗಲ್ಲಿ ಪ್ರತ್ಯೇಕ ನೋಡಬಹುದು. ಅದನ್ನ ಮುಚ್ಚಿ. ಮಕ್ಕಳಿಂದಲೇ ಮನೆಯ ಎಲ್ಲಾ ಫೋನಲ್ಲೂ ಮುಚ್ಚಿಸಿ, ಇದೇ ಮೊದಲ ಮನೆಕೆಲಸ ಆಗ್ಲಿ. ಕಳ್ಳ ಎಪಿಕೆಗೆ ನಿಜವಾಗಿ ಬೇಕಿರೋದು ಎಸ್ಸೆಮ್ಮೆಸ್ ಓದೋ ಅನುಮತಿ, ಒಟಿಪಿ ಅಲ್ಲಿ ಬರೋದು. ಚಲನ್ ತೋರಿಸೋಕೆ ನನ್ನ ಎಸ್ಸೆಮ್ಮೆಸ್ ಯಾಕೆ ಬೇಕು ಅಂತ ಕೇಳೋದನ್ನ ಮಗು ಕಲಿತ್ರೆ ಸಾಕು.

ಎಫ್-ಡ್ರಾಯ್ಡ್ ವಿಷಯಕ್ಕೆ: ಅಪ್ಪನ ಯುಪಿಐ ಇರೋ ಫೋನಿಗೆ ಬೇಡವೇ ಬೇಡ. ಕೇಂದ್ರದಲ್ಲೊಂದು ಹಳೇ ಫೋನ್ ಇದ್ರೆ ಅದಕ್ಕೆ ಹಾಕಿ ತೋರಿಸಿ. ಗುಂಡನಿಗೆ ಬೇಜಾರಾದ್ರೂ ಪರ್ವಾಗಿಲ್ಲ.

ಪೆಂಗ್ವಿನ್ ಗುಂಡ
ಬೇಜಾರಿಲ್ಲ. ಒಪ್ಪಿದೆ.

ಕಡ್ಲೆಬೀಜ
ಗುಂಡ ಒಪ್ಪಿದ. ತಾರೀಕು ಬರೆದಿಟ್ಕೊಳ್ಳಿ.

ಮಲ್ಲಿಗೆ ದಂಡೆ
ಕೈಯಾರೆ ಮಾಡಿಸೋಕೆ ಒಂದು ಆಟ. ಲೊಕೇಶನ್ ಆನ್ ಇಟ್ಟು ಕೇಂದ್ರದ ಬಾಗಿಲಲ್ಲಿ ಒಂದು ಫೋಟೋ ತೆಗೀರಿ. ಕೇಬಲ್ ಹಾಕಿ ಕಂಪ್ಯೂಟರಿಗೆ ತಗೊಂಡು ಫೋಟೋದ ವಿವರ ತೆಗೆದ್ರೆ ಅಕ್ಷಾಂಶ ರೇಖಾಂಶ ಇರುತ್ತೆ. ಅದನ್ನ ಓಪನ್‌ಸ್ಟ್ರೀಟ್‌ಮ್ಯಾಪಿಗೆ ಹಾಕಿ. ಗುರುತು ಬಂದು ನಿಮ್ಮ ಸೂರಿನ ಮೇಲೇ ನಿಲ್ಲುತ್ತೆ. ಆಗ ನೋಡಿ ಮಕ್ಕಳ ಮುಖ.

ಗಾಂಧಿ ಬಜಾರ್
ಅಂದ್ರೆ ವಾಟ್ಸಾಪಲ್ಲಿ ಕಳಿಸಿದ ಫೋಟೋದಿಂದಲೂ ಮನೆ ಗೊತ್ತಾಗುತ್ತಾ?

ನಿದ್ದೆಗೆಟ್ಟ ಅಡ್ಮಿನ್
ಫೋಟೋ ಆಗಿ ಕಳಿಸಿದ್ರೆ ವಾಟ್ಸಾಪ್ ಆ ವಿವರ ಕಿತ್ತ್ಹಾಕುತ್ತೆ. 'ಕ್ಲಿಯರ್ ಬರ್ಲಿ' ಅಂತ ಡಾಕ್ಯುಮೆಂಟ್ ಆಗಿ ಕಳಿಸ್ತೀರಲ್ಲ, ಆಗ ಹಾಗೇ ಹೋಗುತ್ತೆ.

ಧಾರವಾಡ ಮಾಸ್ತರ
ಎನ್‌ಕ್ರಿಪ್ಶನ್ (ಮೆಸೇಜ್ ಬ್ಯಾರೆಯವರು ಓದದಂಗ ಬೀಗ ಹಾಕೂದು) ಹೇಳಾಕ ನಾ ಅಂಚೆ ಕಾರ್ಡು, ಇನ್‌ಲ್ಯಾಂಡ್ ಲೆಟರ್ ತಗೊಂಡು ಹೋಗಿದ್ದೆ. ಕಾರ್ಡು ಅಂಚಿಯಾಂವ ಓದ್ತಾನ, ಇನ್‌ಲ್ಯಾಂಡ್ ಮಡಚಿ ಅಂಟಸ್ತೀವಿ, ಆದ್ರ ಯಾರಿಗೆ ಕಳಸೀವಿ ಅನ್ನೂದು ಮ್ಯಾಲ ಕಾಣ್ತೈತಿ, ಅದ ಮೆಟಾಡೇಟಾ ಅಂತ ಹೇಳ್ದೆ. ಬಾಳ ಛಲೋ ಪಾಠ ಅನಕೊಂಡೆ. ಒಬ್ಬ ಹುಡುಗ ಎದ್ದು 'ಸರ್, ಅಂಚಿಯಾಂವ ಅಂದ್ರ ಕೊರಿಯರ್ ಡೆಲಿವರಿ ಬಾಯ್ ಏನ್ರಿ?' ಅಂದ.

ಕಡ್ಲೆಬೀಜ
😂😂 ಮಾಸ್ತರ್ರೇ ವಯಸ್ಸಾಯ್ತು.

ಗಾಂಧಿ ಬಜಾರ್
ಪಾಸ್‌ವರ್ಡಿಗೆ ವಚನದ ಸಾಲು ಇಟ್ಕೊಳ್ಳಿ ಅಂತ ಹೇಳಿ, ಉದ್ದ ಇರುತ್ತೆ, ಮರೆಯಲ್ಲ.

ನಿದ್ದೆಗೆಟ್ಟ ಅಡ್ಮಿನ್
ಉದ್ದ ಸರಿ, ಎಲ್ಲರಿಗೂ ಬಾಯಿಪಾಠ ಇರೋ ಸಾಲು ತಪ್ಪು. ಸಂಬಂಧ ಇಲ್ಲದ ಐದಾರು ಪದ, ಚೀಟಿ ಎತ್ತಿ ಆರಿಸಿ. 'ಹುಣಸೆ ರೈಲು ಅಜ್ಜಿ ನೀಲಿ ಬಸವನಹುಳ' ಥರ. ಈಗ ಇದನ್ನೇ ಯಾರೂ ಇಟ್ಕೋಬೇಡಿ ಮತ್ತೆ.

ಲೈಬ್ರರಿ ಅಕ್ಕ
ಎರಡು ಭಾನುವಾರ ಕಳೀತು, ವರದಿ ಒಪ್ಪಿಸ್ತೀನಿ.

ಮೊದಲ ಭಾನುವಾರ ಪಾಠ ಮಾಡ್ಲಿಲ್ಲ. ಹಾಜರಿ ಪುಸ್ತಕ ಮಧ್ಯ ಇಟ್ಟು, ನಾನು ಮಾಡಿದ ತಪ್ಪು ಹೇಳ್ದೆ. ನಿಮ್ಮ ನಂಬರೆಲ್ಲ ನನ್ನಿಂದ ಹೊರಗೆ ಹೋಯ್ತು ಅಂತ. ಒಂದು ನಿಮಿಷ ಯಾರೂ ಮಾತಾಡ್ಲಿಲ್ಲ. ಆಮೇಲೆ ಏಳನೇ ಕ್ಲಾಸಿನ ಹುಡುಗಿ 'ನೀವು ಯಾರ ಹತ್ರ ಏಟು ತಿಂದ್ರಿ ಅಕ್ಕ?' ಅಂದ್ಲು. ಎಲ್ರೂ ನಕ್ರು. ಮಕ್ಕಳೇ ಕಪ್ಪು ಮಾರ್ಕರ್ ತಗೊಂಡು ಕಾಲಂ ಪೂರ್ತಿ ಬಳಿದ್ರು. ಹಿಂದಗಡೆಯಿಂದ ಬೆಳಕಿಗೆ ಹಿಡಿದ್ರೆ ಇನ್ನೂ ಕಾಣುತ್ತೆ ಅಂತ ಒಬ್ಬ ಕಂಡುಹಿಡಿದ. ಪಿಡಿಒ ಸರ್‌ಗೆ ಫೋನ್ ಮಾಡಿ ಕೇಳಿ, ಬರೀ ಹೆಸರು ಹೊಸ ಪುಸ್ತಕಕ್ಕೆ ಇಳಿಸ್ಕೊಂಡು ಹಳೇದು ಹರಿದು ಒಲೆಗೆ ಹಾಕಿದ್ವಿ. ಗೋಡೆಗೆ ಸುಣ್ಣ ಬಳಿಸ್ದೆ.

ಎರಡನೇ ವಾರ ಫೋಟೋ ಆಟ ಆಡ್ಸಿದೆ. ಗುರುತು ಬಂದು ನಿಂತಿದ್ದು ನಮ್ಮ ಸೂರಿನ ಮೇಲಲ್ಲ, ಪಕ್ಕದ ಡೈರಿ ಮೇಲೆ. ಆ ನಕ್ಷೇಲಿ ನಮ್ಮ ಕೇಂದ್ರವೇ ಇರ್ಲಿಲ್ಲ. ಯಾರು ಬೇಕಾದ್ರೂ ಸೇರಿಸಬಹುದು ಅಂತ ಗೊತ್ತಾದ್ಮೇಲೆ ಕೇಂದ್ರ, ಕೆರೆ, ಹೆಂಚಿನ ಶಾಲೆ, ಅರಳಿಕಟ್ಟೆ ಎಲ್ಲಾ ಸೇರಿಸಿದ್ರು. 'ನಮ್ಮನೆ ಸೇರಿಸ್ಲಾ' ಅಂದ ಒಬ್ಬ. ಸೇರಿಸಬೇಕಾ ಬೇಡವಾ ಅಂತ ಅರ್ಧ ಗಂಟೆ ಜಗಳ ಆಯ್ತು ಅವರವರಲ್ಲೇ. ಕಟ್ಟಡ ಇರ್ಲಿ, ಹೆಸರು ಬೇಡ ಅಂತ ತೀರ್ಮಾನ. ಗುಂಡಣ್ಣ, ನನಗೆ ಸ್ವತಂತ್ರ ಅನ್ನೋ ಮಾತು ಹೇಳೋ ಅವಶ್ಯಕತೆನೇ ಬರ್ಲಿಲ್ಲ ನೋಡಿ.

ಆ ಚಲನ್ ಹುಡುಗ ಎರಡು ವಾರವೂ ಬಂದ. ಊರಿನ ಎಷ್ಟು ಫೋನಲ್ಲಿ ವಾಟ್ಸಾಪಿನ ಆ ಬಾಗಿಲು ಮುಚ್ಚಿದೀನಿ ಅಂತ ನೋಟ್‌ಬುಕ್ಕಲ್ಲಿ ಗೀಟು ಹಾಕ್ಕೊಂಡು ಬಂದಿದ್ದ. 31. ಅವರಪ್ಪನದ್ದು ಸೇರಿ.

ಎರಡು ಮಕ್ಕಳ ಅಪ್ಪ
ನಾನೂ ಹೇಳ್ಬೇಕು. ಆಪ್ ತೆಗೆದೆ. ಮಗಳಿಗೆ ಹೇಳ್ದೆ. 'ಗೊತ್ತಿತ್ತು ಪಪ್ಪಾ' ಅಂದ್ಲು. ಅದಕ್ಕೇ ಅವಳ ಗೆಳತಿ ಫೋನಲ್ಲಿ ಇನ್ನೊಂದು ಅಕೌಂಟ್ ಇಟ್ಕೊಂಡಿದ್ಲಂತೆ.

ಹತ್ತನೇ ಬಿ
ಹೇಳ್ಲಿಲ್ವಾ 🙂

ಡಿಟಿಪಿ ಅಂಗಡಿ
ಅಕ್ಕ, ಆ ನಾಲ್ಕನೇ ಕಂಪ್ಯೂಟರ್ ಮೌಸ್ ಸಿಕ್ತಾ? ನನ್ನ ಅಂಗಡೀಲಿ ಎರಡು ಎಕ್ಸ್‌ಟ್ರಾ ಬಿದ್ದಿವೆ, ಕೊರಿಯರ್ ಮಾಡ್ತೀನಿ. ವಿಳಾಸ, ಫೋನ್ ನಂಬರ್ ಇಲ್ಲೇ ಹಾಕಿ.

ಪೆಂಗ್ವಿನ್ ಗುಂಡ
ಇಲ್ಲಿ ಬೇಡ!!

ನಿದ್ದೆಗೆಟ್ಟ ಅಡ್ಮಿನ್
ಅಕ್ಕ ಇಲ್ಲಿ ಹಾಕ್ಬೇಡಿ

ಲೈಬ್ರರಿ ಅಕ್ಕ
ಗೊತ್ತು ಕಣ್ರಪ್ಪ. ಡಿಟಿಪಿ ಅಣ್ಣ, ಖಾಸಗಿಯಾಗಿ ಕಳಿಸಿದೀನಿ, ನೋಡಿ. ಯುಎಸ್‌ಬಿದು ಇರ್ಲಿ, ಹಳೇ ಗುಂಡು ಪಿನ್ನಿಂದು ನಮಗೆ ಕೂರಲ್ಲ.